ಉಪ್ಪಿನಕಾಯಿ ಚೀಟಿಯ ಹಿಂದಿನ ನೀಲಿ ಅಕ್ಷರ

...ಆ ಚೀಟಿ ತವಾದ ಮ್ಯಾಲಿಂದ ತಗಿ ದಾಕ್ಷಾಯಿಣಿ... ತಗಿ ಅಂದ್ನಲ್ಲ! ಹೋದ ವರ್ಷ ಉಪ್ಪಿನಕಾಯಿಗೆ ಬೂಸಣ ಬಂತು, ಖರೆ. ನೀರಿನ ಪಸೆ ಇರಬಾರದು, ಅದೂ ಖರೆ. ಭರಣಿ ಒಣಗಿಸು, ಸೌಟು ಒಣಗಿಸು, ಮಿಡಿ ಒರಸು. ಆದ್ರ ಹೆಂಗ ಹಾಕಬೇಕಂತ ಬರದಿಟ್ಟ ಚೀಟಿನೂ ಕಾಸ್ತಾರೇನು? ಇಡೀ ಶಿರಸಿ ಒಳಗ ನೀ ಒಬ್ಬಾಕಿನ!

ಏನ್ ನೋಡ್ತಿ ಹಂಗ? ಹಿಂದ ಅಕ್ಷರ ಮೂಡಾಕತ್ತಾವ? ನೀಲಿ? ಹಾಂ... ಅದು... ಅದು ಕೋಬಾಲ್ಟ್ ಕ್ಲೋರೈಡ್. ಗಾಬರಿ ಆಗಬ್ಯಾಡ. ಇಪ್ಪತ್ತಾರು ವರ್ಷ ಕಾಲೇಜಿನಾಗ ಕೆಮಿಸ್ಟ್ರಿ ಹೇಳಿದ ಗಂಡ ನಾನು, ನನ್ನ ಕೇಳು. ಈ ಸಂಕ್ರಮಣ ಲೋಹ ಅಂತಾರಲ್ಲ, ತಾಮ್ರ, ಕ್ರೋಮಿಯಂ, ಮ್ಯಾಂಗನೀಸ್... ಇವಕ್ಕೆಲ್ಲಾ ಬಣ್ಣದ ಹುಚ್ಚು. ತ್ವಾಟಕ್ಕ ಹೊಡಿಯೂ ಮೈಲುತುತ್ತ ನೋಡೀಯಲ್ಲ, ಆ ನೀಲಿ ತಾಮ್ರದ್ದು. ಕೋಬಾಲ್ಟಿನ ಸುತ್ತ ಆರು ನೀರಿನ ಅಣು ಕುಂತ್ರ ತೆಳು ಗುಲಾಬಿ, ಕಣ್ಣಿಗೆ ಕಾಣಂಗಿಲ್ಲ. ಕಾಸಿದ್ರ ನೀರು ಎದ್ದು ಹೋಗ್ತದ, ನೀಲಿ ಆಗ್ತದ. ಮತ್ತ ಗಾಳಿಗೆ ಇಟ್ರ ಮಾಯ! ನಮ್ಮೂರ ಹಸಿ ಹವಾಕ್ಕ ಸ್ವಲ್ಪ ಹೊತ್ತು ಸಾಕು. ಕೊಡಿಲ್ಲಿ, ಕಿಟಕ್ಯಾಗ ಇಡ್ತೀನಿ.

ಯಾಕ ನಗ್ತಿ? ...ನಗಾಕತ್ತಿಲ್ಲೇನು.

ಏನಂತ ಅದ? "ದಾಕ್ಷಾ, ನನ್ನ ತಪ್ಪಾತು"... ಅಯ್ಯ, ಅದು ಹುಡುಗೋರಿಗೆ ಪ್ರಯೋಗ ತೋರ್ಸಾಕ ಬರದದ್ದು. ಮಾದರಿ ವಾಕ್ಯ! ಯಾರದಾದ್ರೂ ಒಂದು ಹೆಸರು ಬೇಕಲ್ಲ, ನಿಂದು ನೆನಪಾತು.

ಉರಿ ಯಾಕ ಹೆಚ್ಚು ಮಾಡಿದಿ? ಸುಟ್ಟೀತು! ...ಛೇ, ಸತುವಿನ ಉಪ್ಪಿನಾಗ ಬರೀಬೇಕಿತ್ತು. ಬಣ್ಣ ಇಲ್ಲ, ಗದ್ದಲ ಇಲ್ಲ, ಸಂಭಾವಿತ ಲೋಹ! ...ಹಾಂ? ಇಲ್ಲ ಇಲ್ಲ, ನಾ ಏನೂ ಅಂದಿಲ್ಲ.

"ರೇಡಿಯೋ"... ಅಲ್ಲೀತನಾ ಓದಿದ್ಯಾ? ಸಾಕು ಬಿಡು, ಕಣ್ಣು ಹಾಳಾಗ್ತಾವ.

ನೋಡು, ನಾ ಮುಚ್ಚಿಟ್ಟಾಂವ ಅಲ್ಲ. ರೇಡಿಯೋದವರ ಕಾಗದ ಬಂದ ದಿನಾನ ಎಲ್ಲಾ ಬರದಿಟ್ಟೀನಿ, ಅದೂ ನೀ ಪ್ರತಿ ವರ್ಷ ಕೈಯಾಗ ಹಿಡಿಯೂ ಚೀಟಿ ಮ್ಯಾಲೆ! ಹತ್ತೊಂಬತ್ತು ವರ್ಷ ನಿನ್ನ ಕೈಯಾಗೇ ಇತ್ತು. ನೀ ಕಾಸಲಿಲ್ಲ. ಅದಕ್ಕ ನಾ ಏನ್ ಮಾಡ್ಲಿ?

...ಮಾತಾಡ. ಬೈ ಬೇಕಾದ್ರ. ಸೌಟು ಒಗಿ. ಹಿಂಗ ಚೀಟಿ ಕಾಸಿಕೋತ ನಿಂತ್ರ ನನಗ ತಡಿಯಾಕಾಗಂಗಿಲ್ಲ ದಾಕ್ಷಾ...

ಆತು. ಹೇಳ್ತೀನಿ. ಧಾರವಾಡದ ರೇಡಿಯೋದವರ ಕಡಿಂದ ಒಂದೇ ದಿನ ಎರಡು ಕಾಗದ ಬಂದಿದ್ವು. ನನ್ನ ಭಾಷಣ, 'ನಮ್ಮ ಮನೆಯ ಸಂಕ್ರಮಣ ಲೋಹಗಳು', ಅದು ಬ್ಯಾಡಂತ. ನಿನಗ ಮಾತ್ರ, ವಚನ ಹಾಡಾಕ ಧ್ವನಿಪರೀಕ್ಷೆಗೆ ಬರ್ರಿ ಅಂತ. ಹನ್ನೆರಡು ಪುಟ ಬರದಿದ್ದೆ! ಮ್ಯಾಂಗನೀಸ್ ಒಂದಕ್ಕ ಮೂರು ಪುಟ! ಹೊಟ್ಟಿ ಉರೀತು ನೋಡು. ಇಬ್ಬರನ್ನೂ ಬ್ಯಾಡಂದಾರ ಅಂತ ನಿನಗ ಹೇಳಿದೆ. ನಿಂದು ಹರದು ಹಾಕಿದೆ. ನೀ ನನ್ನನ್ನ ಸಮಾಧಾನ ಮಾಡಿ ಚಹಾ ಮಾಡಿಕೊಟ್ಟಿ.

ಆಮ್ಯಾಲೆ ನೀ ಹಾಡೂದ ಬಿಟ್ಟಿ. ಮಠದಾಗ, ಮನ್ಯಾಗ, ಬಚ್ಚಲದಾಗ ಸುದ್ದಾ. ಯಾಕ ಬಿಟ್ಟಿ ಅಂತ ಮಂದಿ ಎಲ್ಲಾ ಕೇಳಿದ್ರು. ನಾ ಒಬ್ಬಾಂವ ಕೇಳಲಿಲ್ಲ.