ಅರಳಿದ ಮಲ್ಲಿಗೆ

ಮಾರಲು ಕಟ್ಟಿದ ಮಲ್ಲಿಗೆ ಮೊಗ್ಗಿನ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಉಡುಪಿಯ ಬಸ್ಸಿನಲ್ಲಿ ಕೂತಿದ್ದ ಅಪ್ಪಿಗೆ ಹಿಂದಿನ ಸೀಟಿನ ಮಾತು ಕೇಳಿಸುತ್ತಿತ್ತು.

"ಅತ್ತೆ ತೀರಿಕೊಂಡ ಮೇಲೆ ಐದು ವರ್ಷ ಹಾಳುಬಿದ್ದ ಮಲ್ಲಿಗೆ ತೋಟ, ಜಲಜಕ್ಕ. ಕಳೆ ಕಿತ್ತು, ಹಿಂಡಿ ಹಾಕಿ, ಈಗ ಹೂ ಬಿಟ್ಟಿತು."

"ಮಾರಿದೆಯಾ ಟೀನಾ?"

"ಹೂವಿನ ಕಟ್ಟೆಗೆ ಹೋಗಿದ್ದೆ. ಅರಳಿದ್ದು ಬೇಡ ಅಂದರು."

"ಅಯ್ಯೋ ಮಾರಾಯ್ತಿ! ಮೊಗ್ಗಿರುವಾಗಲೇ ಕೊಯ್ಯಬೇಕು. ಅರಳುವವರೆಗೆ ಕಾದದ್ದು ಎಂತಕ್ಕೆ?"

"ಹೂವಲ್ವಾ, ಅರಳಲಿ ಅಂತ."

ಅಪ್ಪಿಗೆ ನಗು ತಡೆಯಲಾಗಲಿಲ್ಲ.

"ಗಂಡ ಬೈದರಾ?" ಜಲಜಕ್ಕ ಕೇಳಿದಳು.

"ಇಲ್ಲ. ಬುಟ್ಟಿಯನ್ನು ಹತ್ತಿರ ಇಟ್ಟುಕೊಂಡು ಕೂತರು. ಅಮ್ಮ ಇದ್ದಷ್ಟು ಕಾಲ ನಮ್ಮ ಮನೆಯಲ್ಲಿ ಒಂದು ಮಲ್ಲಿಗೆಯೂ ಅರಳಿದ್ದು ನೋಡಿಲ್ಲ ಅಂದರು."

ಇಬ್ಬರೂ ಇಗರ್ಜಿಯ ಹತ್ತಿರ ಇಳಿದುಹೋದರು. ಅಪ್ಪಿ ಮಡಿಲಿನ ಚೆಂಡನ್ನು ಮೂಗಿಗೆ ಹಿಡಿದಳು. ಪರಿಮಳ ಬರಲು ಇನ್ನೂ ಹೊತ್ತಿತ್ತು.