ಕುಣಿಯಲ್ಲಿಟ್ಟ ಸೀರೆ

ಎಪ್ಪತ್ತಾರರ ಬೇಸಿಗೆ. ಸಿಂದಗಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಗಂಟು ಹಿಡಿದು ಕೂತಿದ್ದ ರೈತನನ್ನು ಪರಿಚಯದ ಮುದುಕಿಯೊಬ್ಬಳು ಮಾತಾಡಿಸಿದಳು.

"ನಿಮ್ಮವ್ವಗ ಲಕ್ವಾ ಹೊಡದೈತಂತಲ್ಲೋ ಬಸಂತರಾಯಾ, ಈಗ ಹ್ಯಾಂಗದಾಳ?"

"ಉಳದಾಳ, ಕಸ್ತೂರೆವ್ವ. ಬಲಗೈ ಏಳಂಗಿಲ್ಲ, ಮಾತು ಹೋಗೇತಿ."

"ನಿಮ್ಮ ಮನ್ಯಾಗ ಲಕ್ವಾ ಹೊಡದವ್ರು ಯಾರೂ ಉಳದಿದ್ದಿಲ್ಲ. ಮುತ್ಯಾ ಹೋದ, ಕಾಕಾ ಹೋದ."

"ಅದನ್ನ ನೋಡೇ ನಾವು ಅವಸರ ಮಾಡಿದ್ವಿ. ಈಗೀಗ ಭಾಳ ಮಂದಿ ಉಳೀತಾರಂತ ಡಾಕ್ಟರ್ರು ಅನ್ನೂದ್ರಾಗ ಅಣ್ಣ ಅವ್ವನ್ನ ಹೂಳಾಕಂತ ಹೊಲದಾಗ ಕುಣಿ ತೋಡಿಸಿಬಿಟ್ಟಿದ್ದ."

"ಶಿವನೇ! ತೋಡಿದ ಕುಣಿ ಬರಿದ ಮುಚ್ಚಬಾರದಲ್ಲೋ."

"ಅವ್ವನ ಹಸರ ಇಳಕಲ್ ಸೀರ್ಯಾಗ ಕಲ್ಲು ಸುತ್ತಿ, ಅದನ್ನಿಟ್ಟು ಮುಚ್ಚಿದ್ವಿ."

"ಆಕಿಗೆ ಗೊತ್ತೈತೇನು?"

"ಯಾರು ಹೇಳ್ತಾರ? ದಿನಾ ಎಡಗೈಲೆ ಟ್ರಂಕು ತೋರಸ್ತಾಳ. ಒಂದೊಂದ ಸೀರಿ ತಗದು ಮುಂದ ಹಿಡದ್ರ, ಅಲ್ಲಂತ ತಲಿ ಅಲ್ಲಾಡಸ್ತಾಳ."

"ಈ ಗಂಟಿನ್ಯಾಗ ಏನೈತಿ?"

"ಅಂಥಾದ್ದ ಹೊಸಾ ಸೀರಿ ತಂದೇನಿ. ಆದ್ರ ಆ ಹಳೇ ಸೀರಿ ಸೆರಗಿಗೆ ಆಕೀನೇ ಕಸೂತಿ ಹಾಕಿದ್ಲು, ಕಸ್ತೂರೆವ್ವ. ಆ ಬಲಗೈಲೆ."

ಕನ್ನೊಳ್ಳಿಯ ಬಸ್ಸು ಬಂತು. ಮುದುಕಿ ಗಂಟನ್ನು ಒಮ್ಮೆ ಮುಟ್ಟಿ ಕೈ ತೆಗೆದಳು. ಅವನು ಅದನ್ನು ಎದೆಗವಚಿಕೊಂಡು ಹತ್ತಿದ.