ಕೋಟಿನೊಳಗಿನ ದಾರ

ವೇದಿಕೆಯ ಅಧ್ಯಕ್ಷರೇ, ನೆನಪಿನ ಶಕ್ತಿಯ ಬಗ್ಗೆ ಈಗಷ್ಟೇ ಸೊಗಸಾಗಿ ಮಾತನಾಡಿದ ಡಾಕ್ಟರೇ, ಲಾಂಡ್ರಿ ಮಾಲೀಕರ ಸಂಘದವರೇ, ಮುಂದಿನ ಸಾಲಿನಲ್ಲಿ ಕೂತು ನನ್ನ ಕಣ್ಣು ತಪ್ಪಿಸುತ್ತಿರುವ ಮಗನೇ, ಸಭಿಕರೇ,

ಈ ವಯಸ್ಸಿನಲ್ಲೂ ಬುದ್ಧಿ ಚುರುಕಾಗಿರುವುದು ಹೇಗೆ ಎಂದು ನಾನು ಹೇಳಬೇಕಂತೆ. ನಾನು ಹೈಸ್ಕೂಲು ದಾಟಿದವಳಲ್ಲ. ಪದಬಂಧ ಬಿಡಿಸಿದವಳೂ ಅಲ್ಲ. ಆದರೆ ನಮ್ಮ ಅಂಗಡಿಗೆ ಬಂದ ಬಟ್ಟೆಗೆ ಇವತ್ತಿನವರೆಗೆ ಗುರುತಿನ ಚೀಟಿ ಕಟ್ಟಿಲ್ಲ, ಕಟ್ಟಲು ಬಿಟ್ಟೂ ಇಲ್ಲ. ಕಾಲರ್ ಸವೆದ ರೀತಿ ನೋಡಿದರೆ ಸಾಕು, ಯಾರ ಅಂಗಿ ಎಂದು ಹೇಳುತ್ತೇನೆ. "ಅತ್ತೆ, ಒಂದು ಗುರುತಾದ್ರೂ ಹಾಕೋಣ" ಎಂದು ಸೊಸೆ ಕೇಳಿದಾಗ ಏನೆಂದೆ ಗೊತ್ತೇ? "ನಿನ್ನ ಮಗೂನ ಗುರುತು ಹಿಡಿಯೋಕೂ ಚೀಟಿ ಕಟ್ತೀಯೇನೇ?" ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈ ಸನ್ಮಾನ ಮುಗಿದ ಮೇಲೆ ನನ್ನ ಮಗ ಒಂದು ಘೋಷಣೆ ಮಾಡಲಿದ್ದಾನೆ: ಅಮ್ಮ ಇನ್ನು ಕೌಂಟರಿಗೆ ಬರುವುದಿಲ್ಲ ಎಂದು. ನನಗೆ ಹೇಳಿಲ್ಲ. ಇಸ್ತ್ರಿಯ ಹಬೆಗೆ ಕಣ್ಣು ಮಂಜಾಗಬಹುದು, ಕಿವಿಯೂ ಮಂಜಾಗುತ್ತದೆಯೇ?

ಕಾರಣವೂ ಗೊತ್ತು. ಹೋದ ವಾರ ವಕೀಲರೊಬ್ಬರ ಕೋಟು ಬೇರೆ ಯಾರದೋ ಮನೆ ಸೇರಿತು. ಎಲ್ಲಿಗೆ ಹೋಯಿತೋ ಇನ್ನೂ ಸಿಕ್ಕಿಲ್ಲ. ವಕೀಲರು ಬಂದು ಕೂಗಾಡಿದರು. "ಅಮ್ಮಾ, ನಿಂಗೆ ಮರೆವು ಶುರುವಾಗಿದೆ" ಎಂದ ಮಗ. ನನಗೆ? ನನಗೇ? ಅಂಗಡಿ ಬಾಗಿಲು ಹಾಕಿಕೊಂಡು ಇದ್ದಬದ್ದ ಕೋಟುಗಳನ್ನೆಲ್ಲ ತಿರುವಿ ಹಾಕಿದೆ. ಒಳಮಡಿಕೆಯಲ್ಲಿ ಬಣ್ಣದ ದಾರದ ಪುಟ್ಟ ಹೊಲಿಗೆ. ಮನೆಗೊಂದು ಬಣ್ಣ. ಕೆಲವು ಒಗೆದೂ ಒಗೆದೂ ಮಾಸಿಹೋಗಿದ್ದವು. ದಾರ ಮಾಸಲು ಎಷ್ಟು ಕಾಲ ಬೇಕು, ಸಭಿಕರೇ? ನಾನು ಕಟ್ಟಿಟ್ಟ ಬಟ್ಟೆಗಂಟುಗಳನ್ನು ಸೊಸೆ ನನ್ನ ಬೆನ್ನ ಹಿಂದೆ ಬಿಚ್ಚಿ, ತಾನೇ ಹಾಕಿದ ಆ ದಾರ ನೋಡಿ ಸರಿಮಾಡುತ್ತಿದ್ದಳು. ಹೋದ ವಾರ ಅವಳು ತವರಿಗೆ ಹೋಗಿದ್ದಳು.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ.

ಡಾಕ್ಟರೇ, ಹೊಸದನ್ನು ಕಲಿಯುತ್ತಿದ್ದರೆ ಬುದ್ಧಿಗೆ ತುಕ್ಕು ಹಿಡಿಯದು ಎಂದಿರಿ. ಸರಿ, ಕಲಿಯುತ್ತೇನೆ. ಬಾಗಿಲ ಬಳಿ ನಿಂತಿರುವ ಸೊಸೆಯೇ, ಯಾವ ಮನೆಗೆ ಯಾವ ಬಣ್ಣ, ನಾಳೆ ಬೆಳಿಗ್ಗೆ ನನಗೆ ಹೇಳಿಕೊಡು. ಕೌಂಟರಿನ ಹಿಂದೆ ನಿನಗೊಂದು ಕುರ್ಚಿ ಹಾಕಿಸುತ್ತೇನೆ. ನನ್ನದು ಇದ್ದಲ್ಲೇ ಇರುತ್ತದೆ. ಮಗನೇ, ನಿನ್ನ ಘೋಷಣೆ ನಿನ್ನ ಹತ್ತಿರವೇ ಇರಲಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಕೃತಜ್ಞತೆಗಳು. ಕೊನೆಯದಾಗಿ, ಡಾಕ್ಟರೇ, ಆ ಕೋಟು ಬಿಚ್ಚಿಕೊಡಿ. ನಿಮ್ಮದು ಅಂಗಡಿಯಲ್ಲಿ ನೇತಾಡುತ್ತಿರಬೇಕು. ಒಳಗಿನ ದಾರವನ್ನು ಸೊಸೆ ಬಂದು ನೋಡಲಿ. ಮೇಜಿಗೆ ಊರಿ ಊರಿ ಸವೆದ ಆ ಮೊಣಕೈ ವಕೀಲರದೇ ಎಂದು ನಾನು ಇಲ್ಲಿಂದಲೇ ಹೇಳುತ್ತೇನೆ. ನಮಸ್ಕಾರ.